ಆಸ್ಕರ್‌ಗೂ ಹೊಸತೊಡಕೇ?

ಪ್ರಶ್ನೆ: ಮನೆಯಲ್ಲಿ ನಾಲ್ಕಡಿ ಟ್ಯಾಂಕು, ಅದರಲ್ಲಿ ಎರಡು ಆಸ್ಕರ್ ಮೀನು ಇವೆ. ಹೊಸತೊಡಕಿನ ದಿನ ಮಟನ್ ತೊಳೆಯುವಾಗ ನನ್ನ ಮಗ ನಾಲ್ಕೈದು ಹಸಿ ತುಂಡು, ಸ್ವಲ್ಪ ಲಿವರ್ ಹಾಕಿಬಿಟ್ಟ. ಗಬಕ್ಕನೆ ನುಂಗಿದವು. ಮಾರನೇ ದಿನ ನೀರು ಹಾಲು ಬೆರೆಸಿದಂತೆ ಮಬ್ಬಾಗಿದೆ. ಅಂಗಡಿಯವರನ್ನು ಕೇಳಿದರೆ, ‘ಮಟನ್, ಚಿಕನ್ ಕೊಡಿ ಸಾರ್, ಬೇಗ ದಪ್ಪ ಆಗ್ತವೆ, ಬಣ್ಣಾನೂ ಬರುತ್ತೆ’ ಅಂದರು. ಕೊಡಬಹುದೇ?
— ಹೆಸರು ಬೇಡ ಎಂದವರು, ಮಂಡ್ಯ

ಉತ್ತರ: ಅಂಗಡಿಯವರು ಹೇಳಿದ್ದರಲ್ಲಿ ಅರ್ಧ ನಿಜ. ದಪ್ಪ ಆಗುತ್ತವೆ, ಬಣ್ಣ ಬರುವುದಿಲ್ಲ. ಬಣ್ಣ ಬರುವುದು ಸಿಗಡಿಯ ಸಿಪ್ಪೆಯಲ್ಲಿರುವ ಕೆಂಪಿನಿಂದ. ಅದು ಕುರಿಯಲ್ಲಿ ಎಲ್ಲಿಂದ ಬರಬೇಕು? ಆದರೆ ಅವರನ್ನು ಬೈಯುವ ಹಕ್ಕು ನನಗಿಲ್ಲ. ಮೈಸೂರಿನಲ್ಲಿ ಇಪ್ಪತ್ತು ವರ್ಷ ಸಾಕುಮೀನಿನ ಅಂಗಡಿ ನಡೆಸಿದವನು ನಾನು. ಇದೇ ಮಾತನ್ನು ಎಷ್ಟೋ ಗಿರಾಕಿಗಳಿಗೆ ನಾನೂ ಹೇಳಿ ಕಳಿಸಿದ್ದೇನೆ.

ಮೊದಲು ನೀರು ನೋಡಿಕೊಳ್ಳಿ. ಉಳಿದ ಚೂರುಗಳನ್ನು ಪೈಪು ಹಾಕಿ ಎಳೆದು ತೆಗೆಯಿರಿ. ಮೂರರಲ್ಲೊಂದು ಪಾಲು ನೀರು ಬದಲಿಸಿ, ಹೊಸ ನೀರಿಗೆ ಕ್ಲೋರಿನ್ ತೆಗೆಯುವ ಹನಿ ಹಾಕಿ. ಫಿಲ್ಟರಿನ ಸ್ಪಂಜನ್ನು ನಲ್ಲಿ ನೀರಿನಲ್ಲಿ ತೊಳೆಯಬೇಡಿ. ಅದರಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾ ಸತ್ತರೆ, ಕೊಳೆತ ಮಾಂಸದಿಂದ ಹುಟ್ಟುವ ಅಮೋನಿಯಾ ಎಂಬ ವಿಷ ಇನ್ನೂ ಏರುತ್ತದೆ. ಎರಡು ದಿನ ಉಪವಾಸ ಹಾಕಿ. ಬೆಳೆದ ಆಸ್ಕರ್‌ಗೆ ಎರಡು ದಿನ ಏನೂ ಲೆಕ್ಕವಲ್ಲ, ಗಾಜಿಗೆ ಮೂತಿ ಒತ್ತಿ ನಾಯಿಮರಿಯ ಹಾಗೆ ಬೇಡಿದರೂ ಕರಗಬೇಡಿ. ಒಂದು ದಿನದ ತಪ್ಪಿನಿಂದ ಅವು ಸಾಯುವುದಿಲ್ಲ. ಮಗನಿಗೂ ಬೈಯಬೇಡಿ.

ಈಗ ಮಟನ್ ಯಾಕೆ ಬೇಡ ಅಂತ ನೋಡಲು ಅದರ ಕೊಬ್ಬಿನ ವಿಷಯಕ್ಕೆ ಬರೋಣ. ಹೊಸತೊಡಕಿನ ರಾತ್ರಿ ಮಿಕ್ಕ ಸಾರನ್ನು ಬೆಳಿಗ್ಗೆ ಮುಚ್ಚಳ ತೆಗೆದು ನೋಡಿದ್ದೀರಲ್ಲ? ಮೇಲೆ ಬೆಳ್ಳಗೆ ಹೆಪ್ಪುಗಟ್ಟಿರುತ್ತದೆ, ಸೌಟಿನಲ್ಲಿ ತಟ್ಟಿದರೆ ಬಿಲ್ಲೆಯ ಹಾಗೆ ಒಡೆಯುತ್ತದೆ. ಕುರಿಯ ಮೈ ಬಿಸಿ ಹೆಚ್ಚುಕಡಿಮೆ 39 ಡಿಗ್ರಿ, ಆ ಬಿಸಿಗೆ ಅದರ ಕೊಬ್ಬು ಮೆತ್ತಗಿರುತ್ತದೆ. ನಿಮ್ಮ ಟ್ಯಾಂಕಿನ ನೀರು 26, 27 ಡಿಗ್ರಿ ಇರಬಹುದು, ಮೀನಿನ ಹೊಟ್ಟೆಯೂ ಅಷ್ಟೇ. ಆ ಬಿಲ್ಲೆ ಅಲ್ಲಿ ಕರಗುವುದು ಹೇಗೆ? ಅದೇ ಬೂತಾಯಿ ಹುರಿದ ಬಾಣಲೆ ನೋಡಿ, ಬಿಟ್ಟ ಎಣ್ಣೆ ಮಾರನೇ ದಿನವೂ ಹರಿಯುತ್ತಿರುತ್ತದೆ. ಮೀನಿಗೆ ಬೇಕಾದ್ದು ಆ ಜಾತಿಯ ಎಣ್ಣೆ.

ಇದನ್ನು ನಾನು ಕಲಿತದ್ದು ಒಂದು ಮೀನನ್ನು ಕೊಂದ ಮೇಲೆ. ಅಂಗಡಿಯ ಮುಂದಿನ ದೊಡ್ಡ ಟ್ಯಾಂಕಿನಲ್ಲಿ ಹೆಚ್ಚುಕಡಿಮೆ ಒಂದಡಿ ಉದ್ದದ ಆಸ್ಕರ್ ಇತ್ತು. ಪಕ್ಕದ ಕೋಳಿ ಅಂಗಡಿಯಿಂದ ಲಿವರ್ ಪುಕ್ಕಟೆ ಸಿಗುತ್ತಿತ್ತು, ಆರು ತಿಂಗಳು ಅದನ್ನೇ ಹಾಕಿದೆ. ಮೀನು ದುಂಡಗಾಯಿತು, ನೋಡಲು ಜನ ನಿಲ್ಲುತ್ತಿದ್ದರು, ನನಗೂ ಹೆಮ್ಮೆ. ಆಮೇಲೆ ಒಂದು ವಾರ ತಿನ್ನುವುದು ಬಿಟ್ಟಿತು, ಪಕ್ಕಕ್ಕೆ ವಾಲಿತು, ಸತ್ತಿತು. ಕೊಯ್ದು ನೋಡಿದರೆ ಕರುಳಿನ ಸುತ್ತ ಬಿಳಿ ಕೊಬ್ಬು ಹತ್ತಿಯ ಹಾಗೆ ತುಂಬಿತ್ತು. ಕಂದುಗೆಂಪು ಇರಬೇಕಾದ ಯಕೃತ್ತು ಮಾಸಿದ ಹಳದಿ. ಬೆರಳಿಟ್ಟರೆ ಪುಡಿಪುಡಿ. ಅವತ್ತಿನಿಂದ ಪುಕ್ಕಟೆ ಲಿವರ್ ನಿಲ್ಲಿಸಿದೆ.

ಹಾಗಂತ ನೆಲದ ಮೇಲಿನ ಪ್ರಾಣಿಯೆಲ್ಲ ನಿಷಿದ್ಧ ಅಂದುಕೊಳ್ಳಬೇಡಿ. ಎರೆಹುಳು, ಮಿಡತೆ ಕೂಡ ನೆಲದವೇ. ಆಸ್ಕರ್‌ನ ತವರು ಅಮೆಜಾನ್ ಹೊಳೆ, ಅಲ್ಲಿ ನೀರಿಗೆ ಬಿದ್ದ ಹುಳಹುಪ್ಪಟೆ, ಬಸವನಹುಳು ತಿಂದೇ ಅದು ಬೆಳೆಯುವುದು. ಅಂಗಡಿಯಲ್ಲಿ ಸಿಗುವ ಮೀನಿನ ಆಹಾರದ ಕಾಳುಗಳಲ್ಲೂ ಕೆಲವಕ್ಕೆ ಕೋಳಿಯ ಪುಡಿ ಬೆರೆಸಿರುತ್ತಾರೆ. ಆದರೆ ಅದು ಬೇಯಿಸಿ, ಕೊಬ್ಬು ಹಿಂಡಿ, ಒಣಗಿಸಿದ ಪುಡಿ, ಬೇರೆ ಪದಾರ್ಥಗಳ ಜೊತೆ ತೂಗಿ ಹಾಕಿದ್ದು. ನಿಮ್ಮ ಮಗ ಹಾಕಿದ ತುಂಡಿಗೂ ಅದಕ್ಕೂ ಸಂಬಂಧವಿಲ್ಲ.

ದಿನನಿತ್ಯಕ್ಕೆ ಒಳ್ಳೆಯ ಕಾಳು ಹಾಕಿ. ವಾರಕ್ಕೆರಡು ಸಲ ಸಿಪ್ಪೆ ಸಮೇತ ಸಣ್ಣ ಸಿಗಡಿ, ಇಲ್ಲವೇ ಮುಳ್ಳು ತೆಗೆದ ಜಿಲೇಬಿ ಮೀನಿನ ತುಂಡು ಕೊಡಿ. ಔಷಧಿ ಹೊಡೆಯದ ಹಿತ್ತಲಿನ ಎರೆಹುಳುವನ್ನು ತೊಳೆದು ಹಾಕಿದರೆ ಅದಕ್ಕಿಂತ ಹಬ್ಬದೂಟ ಬೇರಿಲ್ಲ.

ಪ್ರಶ್ನೆ: ಡಿಸ್ಕಸ್ ಮೀನು ಸಾಕುವವರೆಲ್ಲ ದನದ ಗುಂಡಿಗೆ ಕೊಡುತ್ತಾರಲ್ಲ, ಅದು ಹೇಗೆ ನಡೆಯುತ್ತದೆ? ಕುರಿ ಗುಂಡಿಗೆ ಆಗುತ್ತದೆಯೇ?
— ಓದುಗರು, ಬೆಂಗಳೂರು

ಉತ್ತರ: ಗುಂಡಿಗೆ ಹಗಲಿರುಳು ದುಡಿಯುವ ಸ್ನಾಯು, ಮಾಂಸದ ಒಳಗೆ ಕೊಬ್ಬು ಕಡಿಮೆ. ಇರುವುದು ಮೇಲಿನ ಟೋಪಿಯಲ್ಲಿ. ಮರಿ ಮಾಡಿಸುವವರು ಆ ಬಿಳಿ ಟೋಪಿ, ನರ, ಪೊರೆ ಎಲ್ಲ ಕತ್ತರಿಸಿ ಎಸೆದು, ಕೆಂಪು ಭಾಗ ಮಾತ್ರ ರುಬ್ಬಿ, ಸಿಗಡಿ, ಪಾಲಕ್ ಸೇರಿಸಿ, ತೆಳ್ಳಗೆ ತಟ್ಟಿ ಫ್ರೀಜರಿಗೆ ಇಡುತ್ತಾರೆ. ನೀರು 28ರಿಂದ 30 ಡಿಗ್ರಿ. ಮರಿಗಳಿಗೆ ದಿನಕ್ಕೆ ಐದಾರು ಸಲ ಊಟ, ದಿನವೂ ನೀರು ಬದಲು. ಮರಿ ಬೇಗ ಮಾರಾಟಕ್ಕೆ ಬರಲಿ ಎಂಬ ಅವಸರ ಅವರದು. ಕುರಿ ಗುಂಡಿಗೆಯೂ ಅದೇ ರೀತಿ ಆಗುತ್ತದೆ, ಆದರೆ ಬಿಡಿಸುವುದು ತಲೆನೋವು. ದಿನಾ ಬಕೆಟ್ ಹೊರಲು ನೀವು ಸಿದ್ಧರಿಲ್ಲದಿದ್ದರೆ ಬೇಡ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಗೋಲ್ಡ್‌ಫಿಶ್‌ಗೆ ಮಾಂಸ ಕೊಡಲೇಬೇಕೇ? ಎರೆಹುಳು ಹೊಸಿಲು ದಾಟಿದರೂ ಅತ್ತೆ ಸುಮ್ಮನಿರುವುದಿಲ್ಲ.
— ಓದುಗಿ, ಉಡುಪಿ

ಉತ್ತರ: ಖಂಡಿತ ಬೇಡ ತಾಯಿ. ಗೋಲ್ಡ್‌ಫಿಶ್‌ಗೆ ಜಠರವೇ ಇಲ್ಲ, ನುಂಗಿದ್ದು ನೇರ ಕರುಳಿಗೆ. ಮಾಂಸ ಅದಕ್ಕೆ ಹೊರೆ. ದಿನಕ್ಕೆ ಚಿಟಿಕೆ ಕಾಳು, ವಾರಕ್ಕೊಮ್ಮೆ ಬೇಯಿಸಿ ಸಿಪ್ಪೆ ಸುಲಿದ ಬಟಾಣಿ ಹಾಕಿದರೆ ಸಾಕು. ಒಂದೇ ತೊಡಕು: ಕಾಳಿನ ಡಬ್ಬಿಯ ಹಿಂದೆ ಬರೆದಿರುವ ಪದಾರ್ಥಗಳಲ್ಲಿ ಸಾಮಾನ್ಯವಾಗಿ ಮೊದಲು ಕಾಣುವುದು ಮೀನಿನ ಪುಡಿ. ಅತ್ತೆಯವರು ಕನ್ನಡಕ ಹಾಕಿಕೊಂಡು ಓದುವವರಾದರೆ ಕಾಳನ್ನು ಬೇರೆ ಡಬ್ಬಿಗೆ ಸುರಿದಿಡಿ.