ಕತ್ತಲೆ ಯಾರ ಪಾಲಿಗೆ?

ಪ್ರಿಯರೇ,

ನಮಸ್ಕಾರ. ಥ್ರಿಲ್ಲರ್ ಚಿತ್ರಗಳ ನೆರಳು ಬೆಳಕಿನ ಕುರಿತು ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಆದರೆ ಆಲ್‌ಫ್ರೆಡ್ ಹಿಚ್‌ಕಾಕ್ ಅವರ ಚಿತ್ರಗಳನ್ನು ನೀವು ಇಷ್ಟಪಟ್ಟು ನೋಡಿಯೇ ಬರೆದಿದ್ದೀರಿ ಎಂಬುದು ಓದಿದವರಿಗೆ ತಿಳಿಯುತ್ತದೆ; ಆ ಕಾರಣಕ್ಕೆ ಎರಡು ಸಾಲಿನ ವಿಷಾದಪತ್ರ ಬರೆದು ಕೈತೊಳೆದುಕೊಳ್ಳದೆ ಇಷ್ಟುದ್ದ ಬರೆಯುತ್ತಿದ್ದೇನೆ.

ನನ್ನ ಮೊದಲ ತಕರಾರು ನಿಮ್ಮ ಮೂಲ ವಾದದ ಮೇಲೆಯೇ ಇದೆ. ‘ತೆರೆಯ ಮೇಲೆ ಕತ್ತಲೆ ಹೆಚ್ಚಿದಷ್ಟೂ ಕೌತುಕ ಹೆಚ್ಚುತ್ತದೆ’ ಎಂದು ಆರಂಭದಲ್ಲೇ ತೀರ್ಪು ಕೊಟ್ಟು, ಮುಂದಿನ ಆರು ಪುಟಗಳಲ್ಲಿ ಅದಕ್ಕೆ ಒಪ್ಪುವ ದೃಶ್ಯಗಳನ್ನಷ್ಟೇ ಆರಿಸಿಕೊಂಡಿದ್ದೀರಿ. ಅದೇ ನಿರ್ದೇಶಕರ ‘ನಾರ್ತ್ ಬೈ ನಾರ್ತ್‌ವೆಸ್ಟ್’ (1959) ಚಿತ್ರದಲ್ಲಿ ಕ್ಯಾರಿ ಗ್ರಾಂಟ್ ಬಸ್ಸಿನಿಂದ ಇಳಿಯುವ ಜಾಗವನ್ನು ನೆನಪಿಸಿಕೊಳ್ಳಿ. ಸುತ್ತಲೂ ಬಯಲು, ಮೇಲೆ ನಿಚ್ಚಳ ಬಿಸಿಲು, ಓಡಿ ಹೋಗಿ ಅವಿತುಕೊಳ್ಳಲು ಹತ್ತಿರದಲ್ಲಿ ಏನೂ ಇಲ್ಲ; ಹಿನ್ನೆಲೆ ಸಂಗೀತವೂ ಇಲ್ಲ. ಒಂದು ಕಾರು ಬಂದು ಹೋಗುತ್ತದೆ, ಇನ್ನೊಂದು ಬರುತ್ತದೆ. ರಸ್ತೆಯ ಆಚೆ ಬದಿಯಲ್ಲಿ ಬಸ್ಸಿಗೆ ಕಾಯುತ್ತಿದ್ದವನು, ಬೆಳೆಯೇ ಇಲ್ಲದ ಕಡೆ ಆ ವಿಮಾನ ಔಷಧಿ ಸಿಂಪಡಿಸುತ್ತಿದೆಯಲ್ಲ ಎಂಬರ್ಥದ ಮಾತನ್ನು ತಣ್ಣಗೆ ಆಡಿ ಬಸ್ಸು ಹತ್ತಿ ಹೊರಟುಬಿಡುತ್ತಾನೆ. ಅಷ್ಟು ಅಗಲದ ಚೌಕಟ್ಟಿನಲ್ಲಿ ಒಬ್ಬನೇ ಉಳಿದ ಆ ಮನುಷ್ಯನನ್ನು ಹೆದರಿಸುವುದಕ್ಕೆ ಕತ್ತಲೆಯ ಹನಿಯೂ ಬೇಕಾಗಲಿಲ್ಲ. ಎಲ್ಲವೂ ಕಾಣುತ್ತಿದ್ದರೂ ಅಪಾಯ ಯಾವ ದಿಕ್ಕಿನಿಂದ ಬರುತ್ತದೆಂಬುದು ಕಾಣದಿರುವುದೇ ಅಲ್ಲಿನ ಯಾತನೆ.

ಆದ್ದರಿಂದ ಕತ್ತಲೆ ಎಷ್ಟಿದೆ ಎಂದು ಅಳೆಯುವುದನ್ನು ಬಿಟ್ಟು, ಅದು ಯಾರ ಪಾಲಿಗಿದೆ ಎಂದು ಕೇಳಿಕೊಳ್ಳಬೇಕಿತ್ತು. ನಮ್ಮ ಯಕ್ಷಗಾನದ ಕೀಚಕವಧೆಯಲ್ಲಿ ನರ್ತನಶಾಲೆಯ ಕತ್ತಲೆ ಕೀಚಕನಿಗೆ ಮಾತ್ರ. ರಂಗದ ಬೆಳಕಿನಲ್ಲಿ ಕೂತ ಭೀಮ ನಮಗೆ ಕಾಣುತ್ತಲೇ ಇರುತ್ತಾನೆ. ಅಲ್ಲಿರುವುದು ಸೈರಂಧ್ರಿಯೆಂದೇ ನಂಬಿ ಕೀಚಕ ಸಿಂಗರಿಸಿಕೊಂಡು ಬರುವಾಗ ನಾವು ಉಸಿರು ಬಿಗಿಹಿಡಿಯುವುದು ನಮಗೆ ಗೊತ್ತಿರುವುದು ಅವನಿಗೆ ಗೊತ್ತಿಲ್ಲವೆಂಬ ಕಾರಣಕ್ಕೆ. ಥ್ರಿಲ್ಲರ್ ಚಿತ್ರಗಳಲ್ಲಿ ಕ್ಯಾಮೆರಾ, ಬೆಳಕು, ಸಂಕಲನ ಮೂರೂ ಸೇರಿ ಮಾಡುವ ಮುಖ್ಯ ಕೆಲಸವೂ ಹೀಗೆ ತಿಳಿವಳಿಕೆಯನ್ನು ಹಂಚುವುದೇ: ಯಾರಿಗೆ ಎಷ್ಟು, ಯಾವ ಕ್ಷಣದಲ್ಲಿ.

‘ರಿಯರ್ ವಿಂಡೋ’ (1954) ಚಿತ್ರಕ್ಕೆ ನೀವು ಕೊಟ್ಟಿರುವುದು ಒಂದೇ ವಾಕ್ಯ: ‘ಅದ್ಭುತ ಛಾಯಾಗ್ರಹಣ ಪ್ರೇಕ್ಷಕರ ಎದೆ ಝಲ್ಲೆನಿಸುತ್ತದೆ.’ ನನಗೆ ನಿಜಕ್ಕೂ ಬೇಸರವಾದದ್ದು ಇಲ್ಲಿ. ಕಾಲು ಮುರಿದುಕೊಂಡು ಗಾಲಿಕುರ್ಚಿಯಲ್ಲಿ ಕೂತ ಛಾಯಾಗ್ರಾಹಕ ಜೆಫ್, ಎದುರು ಮನೆಯ ಥೋರ್ವಾಲ್ಡ್ ಹೆಂಡತಿಯನ್ನು ಕೊಂದಿದ್ದಾನೆಂದು ಶಂಕಿಸುತ್ತಾನೆ. ಗೆಳತಿ ಲೀಸಾ ಸಾಕ್ಷ್ಯಕ್ಕಾಗಿ ಆ ಮನೆಯೊಳಗೆ ನುಗ್ಗಿರುವಾಗಲೇ ಥೋರ್ವಾಲ್ಡ್ ಹಿಂದಿರುಗುತ್ತಾನೆ. ಅಂಗಳದ ಈಚೆ ಕೂತ ನಮಗೆ ಇಬ್ಬರೂ ಕಾಣುತ್ತಾರೆ. ಅವರಿಬ್ಬರಿಗೆ ಪರಸ್ಪರ ಕಾಣುವುದಿಲ್ಲ. ಕ್ಯಾಮೆರಾ ಹತ್ತಿರಕ್ಕೆ ಹೋಗುವುದೂ ಇಲ್ಲ, ಜೆಫ್‌ನ ಅಸಹಾಯಕ ದೂರವನ್ನೇ ನಮ್ಮ ಮೇಲೂ ಹೇರುತ್ತದೆ. ಹಿಡಿದಾಟ ಶುರುವಾದಾಗ ಥೋರ್ವಾಲ್ಡ್ ದೀಪ ಆರಿಸುತ್ತಾನೆ, ಕಿಟಕಿ ಕಪ್ಪಾಗುತ್ತದೆ, ಲೀಸಾಳ ಕೂಗು ಮಾತ್ರ ಕೇಳಿಸುತ್ತದೆ. ನೀವು ಹುಡುಕುತ್ತಿದ್ದ ಕತ್ತಲೆ ಇಲ್ಲಿದೆ. ಅಲ್ಲಿಯವರೆಗೂ ಎಲ್ಲವನ್ನೂ ಕಾಣುತ್ತಿದ್ದ ನಮ್ಮಿಂದ ನೋಟವನ್ನು ಹಠಾತ್ತನೆ ಕಸಿದುಕೊಂಡದ್ದರಿಂದಲೇ ಅದಕ್ಕೆ ಅಷ್ಟು ಬಲ ಬಂದಿದೆ.

ಆಮೇಲೆ ಪೊಲೀಸರು ಬರುತ್ತಾರೆ. ಬೆನ್ನ ಹಿಂದೆ ಕೈಯಿಟ್ಟುಕೊಂಡ ಲೀಸಾ, ತನ್ನ ಬೆರಳಿಗೆ ಹಾಕಿಕೊಂಡ ಥೋರ್ವಾಲ್ಡ್‌ನ ಹೆಂಡತಿಯ ಉಂಗುರವನ್ನು ಜೆಫ್‌ಗೆ ಕಾಣುವಂತೆ ಸನ್ನೆ ಮಾಡಿ ತೋರಿಸುತ್ತಾಳೆ. ಜೆಫ್‌ನ ದೂರದೃಶ್ಯ ಲೆನ್ಸಿನ ಮೂಲಕ ನಾವೂ ಅದನ್ನು ನೋಡಿ ಗೆದ್ದೆವೆಂದುಕೊಳ್ಳುವಷ್ಟರಲ್ಲಿ ಆ ಸನ್ನೆ ಥೋರ್ವಾಲ್ಡ್‌ನ ಕಣ್ಣಿಗೂ ಬೀಳುತ್ತದೆ. ಇದು ಯಾರಿಗಾಗಿ ಎಂದು ಅವನು ನಿಧಾನವಾಗಿ ತಲೆಯೆತ್ತಿ ಅಂಗಳದಾಚೆ, ನೇರವಾಗಿ ಕ್ಯಾಮೆರಾದೊಳಕ್ಕೆ, ಅಂದರೆ ನಮ್ಮತ್ತಲೇ ನೋಡುತ್ತಾನೆ. ಚಿತ್ರದುದ್ದಕ್ಕೂ ಕದ್ದು ನೋಡಿದವರು ನಾವು. ಈಗ ನಾವೇ ಸಿಕ್ಕಿಬಿದ್ದೆವು. ‘ಎದೆ ಝಲ್ಲೆನಿಸುತ್ತದೆ’ ಎಂಬುದನ್ನು ಓದುಗರೇ ಹೇಳಿಕೊಳ್ಳಲಿ. ಆ ನೋಟ ತಿರುಗಿದ ಬಗೆಯನ್ನು ವಿವರಿಸುವುದು ನಿಮ್ಮ ಕೆಲಸ. ಅಂದಹಾಗೆ, ಈ ಚಿತ್ರ ಜೆಫ್ ಕಂಡದ್ದನ್ನಷ್ಟೇ ತೋರಿಸುತ್ತದೆಂಬ ನಿಮ್ಮ ಅಡಿಟಿಪ್ಪಣಿ ಪೂರ್ತಿ ನಿಜವಲ್ಲ. ಜೆಫ್ ನಿದ್ದೆ ಹೋಗಿರುವಾಗ ಥೋರ್ವಾಲ್ಡ್ ಒಬ್ಬ ಹೆಂಗಸಿನೊಡನೆ ಹೊರಗೆ ಹೋಗುವುದು ನಮಗೆ ಮಾತ್ರ ಕಾಣುತ್ತದೆ, ಮತ್ತು ಜೆಫ್‌ನ ಶಂಕೆ ಬರೀ ಕಲ್ಪನೆಯಿರಬಹುದೇ ಎಂಬ ಅನುಮಾನವನ್ನು ನಮ್ಮಲ್ಲಿ ಬಿತ್ತುತ್ತದೆ. ಇಂಥ ಅಪವಾದಗಳಲ್ಲೇ ಲೇಖನ ಹುಟ್ಟುವುದು.

‘ನಟೋರಿಯಸ್’ (1946) ಚಿತ್ರದ ಔತಣಕೂಟದ ಶಾಟ್ ಬಗ್ಗೆ ನೀವು ಉತ್ಸಾಹದಿಂದ ಬರೆದಿದ್ದೀರಿ, ಆದರೆ ಕ್ಯಾಮೆರಾ ‘ಮನಮೋಹಕವಾಗಿ ಚಲಿಸುತ್ತದೆ’ ಎಂಬಲ್ಲಿಗೆ ನಿಲ್ಲಿಸಿದ್ದೀರಿ. ಎತ್ತರದಿಂದ ಇಡೀ ಹಾಲನ್ನು ತೋರಿಸುತ್ತಾ ಶುರುವಾದ ಆ ಶಾಟ್, ಕಟ್ ಇಲ್ಲದೆ ಇಳಿದಿಳಿದು ಇಂಗ್ರಿಡ್ ಬರ್ಗ್‌ಮನ್ ಮುಷ್ಟಿಯಲ್ಲಿರುವ, ಗಂಡನಿಗೆ ತಿಳಿಯದಂತೆ ಎಗರಿಸಿದ ನೆಲಮಾಳಿಗೆಯ ಕೀಲಿಕೈಯ ಮೇಲೆ ನಿಲ್ಲುತ್ತದೆ. ನಡುವೆ ಕತ್ತರಿಸಿದ್ದರೆ ಕೀಲಿಕೈ ಒಂದು ಕಡೆ, ನೆಂಟರಿಷ್ಟರ ಗದ್ದಲ ಇನ್ನೊಂದು ಕಡೆ ಆಗಿಬಿಡುತ್ತಿತ್ತು. ಕತ್ತರಿಸದೆ ಇದ್ದದ್ದರಿಂದ ಗುಟ್ಟೂ ಅಪಾಯವೂ ಒಂದೇ ಸೂರಿನಡಿ ಉಳಿದವು. ಅದರ ನಂತರ ಮಂಜುಗಡ್ಡೆಯಲ್ಲಿಟ್ಟ ಶಾಂಪೇನ್ ಬಾಟಲಿಗಳು ಒಂದೊಂದಾಗಿ ಖಾಲಿಯಾಗುವುದನ್ನು ನೀವು ಗಮನಿಸಿಯೇ ಇಲ್ಲ. ಅವು ಮುಗಿದರೆ ಮನೆಯ ಯಜಮಾನ ನೆಲಮಾಳಿಗೆಗೆ ಇಳಿಯಲೇಬೇಕು. ಗಡಿಯಾರ ತೋರಿಸದೆಯೇ ಹೊತ್ತು ಮೀರುತ್ತಿದೆಯೆಂದು ಹೇಳುವ ಜಾಣತನ ಅದು.

ಇನ್ನು ಎರಡು ತಪ್ಪುಗಳು. ಕ್ಯಾಮೆರಾವನ್ನು ಹಿಂದಕ್ಕೆಳೆಯುತ್ತಲೇ ಲೆನ್ಸನ್ನು ಝೂಮ್ ಮಾಡಿ ತಲೆಸುತ್ತು ತರಿಸುವ ಶಾಟ್ ಹೆಸರಾದದ್ದು ‘ವರ್ಟಿಗೋ’ (1958) ಚಿತ್ರದಿಂದ, ನೀವು ಬರೆದಂತೆ ‘ಸೈಕೋ’ದಿಂದಲ್ಲ; ‘ವರ್ಟಿಗೋ’ದ ಮೆಟ್ಟಿಲ ಸುರುಳಿಯ ದೃಶ್ಯಕ್ಕೆ ಮಾದರಿಯೊಂದನ್ನು ಅಡ್ಡಲಾಗಿ ಮಲಗಿಸಿ ಚಿತ್ರಿಸಲಾಗಿತ್ತು. ‘ಸೈಕೋ’ (1960) ಕಪ್ಪುಬಿಳುಪಿನಲ್ಲಿರುವುದು ‘ಆ ಕಾಲದ ಮಿತಿ’ಯೂ ಅಲ್ಲ. ಅದಕ್ಕೆ ಮೊದಲೇ ವರ್ಣದಲ್ಲಿ ಹಲವು ಚಿತ್ರ ಮಾಡಿದ್ದವರು ಖರ್ಚು ಹಿಡಿತದಲ್ಲಿರಲಿ, ರಕ್ತದ ಕೆಂಪು ಕಣ್ಣಿಗೆ ರಾಚದಿರಲಿ ಎಂದು ಬೇಕೆಂತಲೇ ಕಪ್ಪುಬಿಳುಪನ್ನು ಆರಿಸಿಕೊಂಡರು.

ಭಾಷೆಯ ಬಗ್ಗೆ ಹೆಚ್ಚು ಹೇಳಲಾರೆ. ‘ಕುರ್ಚಿಯ ತುದಿಗೆ ತಂದು ಕೂರಿಸುತ್ತದೆ’, ‘ಮೈ ನವಿರೇಳಿಸುತ್ತದೆ’ ಎಂಬವು ಶುಕ್ರವಾರದ ಸಿನಿಮಾ ಜಾಹೀರಾತಿಗೆ ಇರಲಿ.

ಮತ್ತೆ ಬರೆಯುವ ಮನಸ್ಸಿದ್ದರೆ ಹತ್ತು ಚಿತ್ರಗಳನ್ನು ಮುಟ್ಟಿ ಓಡಬೇಡಿ. ಔತಣಕೂಟದ ಆ ದೃಶ್ಯವೊಂದನ್ನೇ ಹಿಡಿದು, ಧ್ವನಿ ನಿಲ್ಲಿಸಿ ನಾಲ್ಕೈದು ಸಲ ನೋಡಿ, ಪ್ರತಿ ಕಟ್‌ನಲ್ಲೂ ಯಾರಿಗೆ ಏನು ತಿಳಿಯಿತೆಂದು ಗುರುತು ಹಾಕಿಕೊಂಡು 1,200 ಪದಗಳ ಒಳಗೆ ಬರೆದು ಕಳಿಸಿ. ನಾನೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ