ಅಕ್ಕನ ರಿಪೋರ್ಟಿನಲ್ಲಿರುವ ‘ಪಿಡಿ-ಎಲ್1’ ಎಂದರೇನು?

ಪ್ರಶ್ನೆ: ಅಕ್ಕನಿಗೆ 46 ವರ್ಷ. ಗರ್ಭಕಂಠದ ಕ್ಯಾನ್ಸರ್‌ಗೆ ರೇಡಿಯೇಶನ್ ಆಗಿ ಎರಡು ವರ್ಷಕ್ಕೆ ಮತ್ತೆ ಬಂದಿದೆ, ಶ್ವಾಸಕೋಶಕ್ಕೂ ಹರಡಿದೆ. ಹೊಸ ಬಯಾಪ್ಸಿಯಲ್ಲಿ ‘ಪಿಡಿ-ಎಲ್1 ಪಾಸಿಟಿವ್, ಸಿಪಿಎಸ್ 10’ ಎಂದಿದೆ. ಇದು ಇನ್ನೊಂದು ಕಾಯಿಲೆಯೇ? ಹೊತ್ತಿಗೆ ಸರಿಯಾಗಿ ಉಣ್ಣದೆ ರೋಗನಿರೋಧಕ ಶಕ್ತಿ ಕಳಕೊಂಡಳು ಎಂದು ಗಂಡನ ಮನೆಯವರು ಆಡಿಕೊಳ್ಳುತ್ತಾರೆ. ನಿಜವೇ?
– ಓದುಗರು, ದಾವಣಗೆರೆ

ಉತ್ತರ: ಊಟದ ಮಾತನ್ನು ಮೊದಲು ಬಿಟ್ಟುಬಿಡಿ ತಾಯಿ. ಇಂಥ ಮಾತು ಕೇಳಿ ಕೇಳಿ ಕುಗ್ಗಿಹೋದ ಹೆಂಗಸರನ್ನು ನನ್ನ ಓಪಿಡಿಯಲ್ಲಿ ದಿನವೂ ನೋಡುತ್ತೇನೆ, ಸಂಕಟವಾಗುತ್ತದೆ. ಈ ಕ್ಯಾನ್ಸರ್ ತರುವುದು ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ ವೈರಸ್) ಎಂಬ ವೈರಸ್. ಅದು ತಗುಲಿದ ಬಹುಪಾಲು ಹೆಂಗಸರಲ್ಲಿ ಎರಡು ವರ್ಷದೊಳಗೆ ತಾನಾಗಿ ಹೋಗುತ್ತದೆ, ಕೆಲವರಲ್ಲಿ ಉಳಿದುಬಿಡುತ್ತದೆ.

ಅನ್ನ ಬೆಂದಿದೆಯೇ ಎಂದು ನಾವು ಒಂದು ಅಗುಳು ಹಿಸುಕಿ ನೋಡುತ್ತೇವಲ್ಲ, ರೋಗದ ವಿರುದ್ಧ ಕಾವಲು ಕಾಯುವ ರಕ್ತದ ಟಿ ಕೋಶವೂ ಹಾಗೇ. ನಮ್ಮ ಹೆಚ್ಚುಕಡಿಮೆ ಪ್ರತಿ ಜೀವಕೋಶ ತನ್ನೊಳಗಿನ ಪ್ರೋಟೀನಿನ ಚೂರನ್ನು ಮೇಲ್ಮೈಗೆ ತಂದು ಹಿಡಿಯುತ್ತದೆ. ಟಿ ಕೋಶ ತನ್ನ ಮೈಮೇಲಿನ ರಿಸೆಪ್ಟರ್ ಎಂಬ ಪ್ರೋಟೀನಿನಿಂದ, ನಾವು ಬೆರಳಿನಿಂದ ಮುಟ್ಟುವಂತೆ, ಅದನ್ನು ಮುಟ್ಟಿ ನೋಡುತ್ತದೆ. ವೈರಸ್ಸಿನ ಚೂರು ಸಿಕ್ಕರೆ ಆ ಕೋಶವನ್ನೇ ಕೊಲ್ಲುತ್ತದೆ. ಆದರೆ ಎಚ್‌ಪಿವಿ 16 ಎಂಬ ಬಗೆಯ ವೈರಸ್ಸಿನ ಇ5 ಎಂಬ ಪ್ರೋಟೀನು ಆ ಅಗುಳು, ಅಂದರೆ ಆ ಚೂರು, ಮೇಲೆ ಬರುವುದನ್ನೇ ಬಹುಮಟ್ಟಿಗೆ ತಡೆಯುತ್ತದೆ. ಮುಟ್ಟಲು ಸರಿಯಾಗಿ ಸಿಗದಿದ್ದರೆ ಎಷ್ಟು ಉಂಡ ಮೈಯಾದರೇನು?

ಟಿ ಕೋಶದ ಮೇಲೆ ಪಿಡಿ-1 ಎಂಬ ಇನ್ನೊಂದು ರಿಸೆಪ್ಟರ್ ಇದೆ. ಜಪಾನಿನ ತಸುಕು ಹೊಂಜೊ ಅವರ ತಂಡ 1992ರಲ್ಲಿ ಕಂಡುಹಿಡಿದದ್ದು. 2018ರ ನೊಬೆಲ್ ಅವರಿಗೆ ಬಂದದ್ದು ಈ ಕೆಲಸಕ್ಕೇ. ಅದು ಬ್ರೇಕು. ಅದಿಲ್ಲದಿದ್ದರೆ ಟಿ ಕೋಶ ನಮ್ಮ ಮೈಯನ್ನೇ ತಿಂದೀತು. ಗಡ್ಡೆ ಪಿಡಿ-ಎಲ್1 ಎಂಬ ಪ್ರೋಟೀನನ್ನು ಹೊರಚಾಚಿ ಆ ಬ್ರೇಕನ್ನು ಒತ್ತಿ ಹಿಡಿಯುತ್ತದೆ. ಹಾಗಾಗಿ ಇದು ಬೇರೆ ಕಾಯಿಲೆಯಲ್ಲ. ಬಯಾಪ್ಸಿ ತುಣುಕಿನ ಗಾಜಿನ ಸ್ಲೈಡಿನಲ್ಲಿ ಪಿಡಿ-ಎಲ್1 ಇದ್ದು ಕಂದು ಬಣ್ಣ ಹಿಡಿದ ಕೋಶಗಳನ್ನು, ಗಡ್ಡೆಯವನ್ನೂ ನಿರೋಧಕ ಕೋಶಗಳನ್ನೂ ಸೇರಿಸಿ, 100 ಗಡ್ಡೆ ಕೋಶಗಳಿಗೆ ಎಷ್ಟೆಂದು ಲೆಕ್ಕ ಹಾಕಿದ ಅಂಕಿಯೇ ಸಿಪಿಎಸ್. 1 ಅಥವಾ ಹೆಚ್ಚಿದ್ದರೆ ಕೀಮೋ ಜೊತೆ ಪೆಂಬ್ರೊಲಿಜುಮ್ಯಾಬ್ ಎಂಬ ಔಷಧಿ ಕೊಡಲು ಅಮೆರಿಕದಲ್ಲಿ 2021ರಲ್ಲೇ ಒಪ್ಪಿಗೆ ಸಿಕ್ಕಿದೆ. ಅದು ಪಿಡಿ-1ಕ್ಕೆ ಅಂಟಿಕೊಂಡು ಬ್ರೇಕು ಒತ್ತಲು ಬಿಡುವುದಿಲ್ಲ.

ಎಲ್ಲರಿಗೂ ಫಲ ಕೊಡುತ್ತದೆ ಎನ್ನಲಾರೆ. ಥೈರಾಯ್ಡ್, ಕರುಳು, ಶ್ವಾಸಕೋಶದಲ್ಲಿ ಉರಿಯೂತ ಬರಬಹುದು, ಬೆಲೆಯೂ ಭಾರಿ. ಆದರೂ ಅಕ್ಕನ ಆಂಕಾಲಜಿಸ್ಟರನ್ನು ಇದರ ಬಗ್ಗೆ ಕೇಳಲೇಬೇಕು. ಎರಡನೇ ಅಭಿಪ್ರಾಯಕ್ಕೆ ಹೋಗುವುದಾದರೆ ರಿಪೋರ್ಟಿನ ಜೊತೆ ಬಯಾಪ್ಸಿಯ ಸ್ಲೈಡು, ಬ್ಲಾಕು (ಮೇಣದಲ್ಲಿ ಹುದುಗಿಸಿಟ್ಟ ತುಣುಕು) ಎರಡನ್ನೂ ಲ್ಯಾಬಿನಿಂದ ಕೇಳಿ ಪಡೆದು ಒಯ್ಯಿರಿ.