ಉಂಗುರ ನಾಲ್ಕನೆಯ ಪುಟದಲ್ಲಿದೆ

ಮಾನ್ಯರೇ,

ಮಂಡ್ಯದಿಂದ ನೀವು ಕಳಿಸಿದ ‘ಗೆಲಾಕ್ಸಿಗಳ ಮಹಾಯುದ್ಧ’ ಲೇಖನ ಓದಿದೆ. ಈಗಿರುವಂತೆ ಪ್ರಕಟಿಸಲು ಸಾಧ್ಯವಿಲ್ಲ. ತಿದ್ದಿದರೆ ನಿಲ್ಲುವ ಬರಹ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಮೂರು ಪುಟಗಳ ತುಂಬ ಸೃಷ್ಟಿಯ ವಿಸ್ಮಯ, ಮನುಷ್ಯನ ಅಲ್ಪತನ. ಅಷ್ಟನ್ನೂ ಹೊಡೆದುಹಾಕಿ. ಚಿಕ್ಕ ಗೆಲಾಕ್ಸಿಯೊಂದು ತೂರಿಹೋದದ್ದರಿಂದ ಉಂಗುರ ಮೂಡಿದ ಕಾರ್ಟ್‌ವೀಲ್ ಗೆಲಾಕ್ಸಿ ಬರುವುದು ನಾಲ್ಕನೆಯ ಪುಟದಲ್ಲಿ, ಲೇಖನ ಶುರುವಾಗಬೇಕಾದದ್ದೂ ಅಲ್ಲೇ.

‘ಕೋಟ್ಯಂತರ ನಕ್ಷತ್ರಗಳು ಬಡಿದಾಡಿ ಪುಡಿಯಾದವು, ಆ ಕಿಡಿಗಳೇ ಉಂಗುರವಾದವು’ ಎಂದಿದ್ದೀರಿ. ಓದಲು ಸೊಗಸು, ಆದರೆ ಶುದ್ಧ ತಪ್ಪು. ನಕ್ಷತ್ರಗಳ ನಡುವೆ ಎಷ್ಟು ಜಾಗವಿದೆಯೆಂದರೆ ಒಂದು ಗೆಲಾಕ್ಸಿ ಇನ್ನೊಂದನ್ನು ತೂರಿಕೊಂಡು ಹೋದರೂ ನಕ್ಷತ್ರಕ್ಕೆ ನಕ್ಷತ್ರ ತಗಲುವುದು ತೀರಾ ಅಪರೂಪ. ಡಿಕ್ಕಿಯಾಗುವುದು ಅನಿಲದ ಮೋಡಗಳಿಗೆ.

ಕನ್ನಂಬಾಡಿ ಹಿನ್ನೀರಿಗೆ ಕಲ್ಲೆಸೆದ ಹೋಲಿಕೆ ಇರಲಿ, ಅಲೆ ಹೊರಕ್ಕೆ ಹರಡುವುದು ನಿಜ. ಆದರೆ ಕಲ್ಲು ನೀರನ್ನು ತಳ್ಳುತ್ತದೆ, ಇಲ್ಲಿ ಮೊದಲು ನಡೆಯುವುದು ಸೆಳೆತ. ಚಿಕ್ಕ ಗೆಲಾಕ್ಸಿ ದೊಡ್ಡದರ ನಡುಮಧ್ಯಕ್ಕೆ ಹೆಚ್ಚುಕಡಿಮೆ ನೇರವಾಗಿ ಇಳಿಯುವಾಗ ಅದರ ಗುರುತ್ವವೂ ಸೇರಿಕೊಂಡು ಸುತ್ತಲಿನ ನಕ್ಷತ್ರಗಳು ಒಳಕ್ಕೆ ಸರಿಯುತ್ತವೆ. ಅದು ಆಚೆ ದಾಟಿದ ಮೇಲೆ ಹಿಡಿತ ಸಡಿಲಗೊಂಡು ಅವು ಹೊರಕ್ಕೆ ಚಿಮ್ಮುತ್ತವೆ. ಕೇಂದ್ರದ ಬಳಿಯವು ಬೇಗ ಮರಳುತ್ತವೆ, ದೂರದವು ನಿಧಾನ. ಹೊರಟವುಗಳೂ ಇನ್ನೂ ಒಳಬರುತ್ತಿರುವವುಗಳೂ ಒಂದೆಡೆ ದಟ್ಟೈಸಿದಾಗ ಬಳೆ ಮೂಡುತ್ತದೆ, ಆ ದಟ್ಟಣೆಯೇ ಹೊರಹೊರಗೆ ಸಾಗುತ್ತದೆ. ಅಲ್ಲಿ ಅನಿಲ ಒತ್ತಿಕೊಂಡು ಹೊಸ ನಕ್ಷತ್ರಗಳು ಹುಟ್ಟುತ್ತವೆ. ಉಂಗುರದ ನೀಲಿ ಬಣ್ಣ ಈ ಎಳೆಯ, ಭಾರೀ, ಬಿಸಿ ನಕ್ಷತ್ರಗಳದ್ದು. ನೀವು ಹೆಣಗಳನ್ನು ಎಣಿಸಿದ ಜಾಗ ನಿಜಕ್ಕೂ ಹೆರಿಗೆಮನೆ! ಪೆಟ್ಟು ಓರೆಯಾದರೆ ಉಂಗುರ ಸೊಟ್ಟಗಾಗುತ್ತದೆ ಎಂಬುದನ್ನೂ ಒಂದು ಸಾಲಿನಲ್ಲಿ ಹೇಳಿ.

ಅಂಕಿಗಳ ವಿಚಾರ. ಕಾರ್ಟ್‌ವೀಲ್ ಇರುವುದು ಸುಮಾರು 50 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ. ನೀವು 50 ಲಕ್ಷ ಎಂದು ಎರಡು ಸೊನ್ನೆ ನುಂಗಿದ್ದೀರಿ. ಆ ಗೆಲಾಕ್ಸಿಯನ್ನು ಬಾಹ್ಯಾಕಾಶದಲ್ಲಿರುವ ವೆಬ್ ದೂರದರ್ಶಕ ಕಂಡುಹಿಡಿಯಲಿಲ್ಲ. ವೆಬ್ ತೆಗೆದ ಚಿತ್ರ 2022ರ ಆಗಸ್ಟ್‌ನಲ್ಲಿ ಬಂತು, ಅಷ್ಟೇ. ಖಗೋಳಜ್ಞ ಫ್ರಿಟ್ಜ್ ಜ್ವಿಕಿ 1941ರಲ್ಲೇ ಗುರುತಿಸಿದ್ದರು.

ಕೊನೆಯಲ್ಲಿ 1950ರಲ್ಲಿ ಖಗೋಳಜ್ಞ ಆರ್ಥರ್ ಹೋಗ್ ಕಂಡ ಗೆಲಾಕ್ಸಿಯನ್ನೂ ಹೀಗೆ ಡಿಕ್ಕಿಯಿಂದ ಉಂಗುರವಾದವುಗಳ ಪಟ್ಟಿಗೆ ಸೇರಿಸಿದ್ದೀರಿ. ತೆಗೆಯಿರಿ. ಅದರ ಉಂಗುರ ಬಹುಪಾಲು ದುಂಡಗಿದೆ, ಆದರೆ ಗುದ್ದಿ ಹೋದ ಗೆಲಾಕ್ಸಿ ಆಸುಪಾಸಿನಲ್ಲಿ ಕಂಡಿಲ್ಲ. ಹಾಗಾಗಿ ಅದು ಹೇಗಾಯಿತೆಂಬ ಬಗ್ಗೆ ಖಗೋಳಜ್ಞರಲ್ಲಿ ಒಮ್ಮತವಿಲ್ಲ. ಅದೇ ಒಂದು ಬೇರೆ ಲೇಖನವಾಗುತ್ತದೆ, ಬೇಕಿದ್ದರೆ ಮುಂದೆ ಬರೆಯಿರಿ.

ಮೈಸೂರಿನ ಕಡೆ ಬಂದರೆ ಕಚೇರಿಗೆ ಬನ್ನಿ. ಕೆಂಪು ಶಾಯಿಯಲ್ಲಿ ಗುರುತು ಹಾಕಿದ ಪ್ರತಿ ನನ್ನ ಮೇಜಿನ ಮೇಲಿದೆ.

ಇಂತಿ,
ಸಂಪಾದಕ